₹12,000 ಬಜೆಟ್‌ನಲ್ಲಿ ಎಂಟಿಬಿ ಫೋರ್ಕ್: ಹಳೆಯದನ್ನು ಬಿಚ್ಚಿ ನೋಡದೆ ಹೊಸದು ಕೊಳ್ಳಬೇಡಿ

ಪ್ರಶ್ನೆ: ನಾನು ಗಂಗಾವತಿಯವನು. ವಯಸ್ಸು 34, ತೂಕ 82 ಕೆ.ಜಿ. ಮೂರು ವರ್ಷದ ಹಿಂದೆ 27.5 ಇಂಚು ಚಕ್ರದ ಎಂಟಿಬಿಯನ್ನು (ಮೌಂಟೇನ್ ಬೈಕ್) ₹21,000ಕ್ಕೆ ಕೊಂಡೆ. ಮುಂದೆ 100 ಮಿ.ಮೀ. ಇಳಿಯುವ ಕಾಯಿಲ್ (ಉಕ್ಕಿನ ಸ್ಪ್ರಿಂಗ್) ಫೋರ್ಕ್, ಎರಡೂ ಕಡೆ ಕೇಬಲ್ ಡಿಸ್ಕ್ ಬ್ರೇಕ್. ವಾರದಲ್ಲಿ ಮೂರು ದಿನ ಎಡದಂಡೆ ಕಾಲುವೆಯ ಏರಿ ಮೇಲೆ, ಭಾನುವಾರ ಆನೆಗೊಂದಿ–ಸಾಣಾಪುರದ ಕಡೆ, ಆಗೊಮ್ಮೆ ಈಗೊಮ್ಮೆ ಗೆಳೆಯರ ಜೊತೆ ಸಂಡೂರು ಗುಡ್ಡಕ್ಕೆ ಹೋಗುತ್ತೇನೆ. ಈಗ ಫೋರ್ಕ್ ಅರ್ಧದಷ್ಟೂ ಇಳಿಯುತ್ತಿಲ್ಲ. ಮುಂದಿನ ಚಕ್ರ ಎತ್ತಿದರೆ ‘ಟಕ್’ ಅನ್ನುತ್ತದೆ. ಬ್ರೇಕ್ ಹಿಡಿದರೆ ಮುಂಭಾಗ ಅಲುಗಾಡುತ್ತದೆ. ಅರ್ಧ ಗಂಟೆ ತುಳಿದರೆ ಅಂಗೈ ಜೋಮು ಹಿಡಿಯುತ್ತದೆ. ನಮ್ಮೂರಿನ ಅಂಗಡಿಯವರು ‘ಸ್ಪ್ರಿಂಗ್ ಸತ್ತಿದೆ, 120 ಎಂಎಂ ಶಾಕಪ್ ಹಾಕಿಸಿ’ ಎನ್ನುತ್ತಾರೆ. ಬೆಂಗಳೂರಿನ ಅಂಗಡಿಯೊಂದು ಕಾಯಿಲ್ ಫೋರ್ಕ್‌ಗೆ ₹7,500, ಗಾಳಿಯೇ ಸ್ಪ್ರಿಂಗ್ ಆಗಿರುವ ಏರ್ ಫೋರ್ಕ್‌ಗೆ ₹16,000 ಹೇಳಿದೆ. ಆನ್‌ಲೈನ್‌ನಲ್ಲಿ ಹೆಸರು ಕೇಳದ ಕಂಪನಿಯ ಏರ್ ಫೋರ್ಕ್ ₹8,000ಕ್ಕೇ ಸಿಗುತ್ತಿದೆ. ನನ್ನ ಬಜೆಟ್ ₹12,000. ಯಾವುದು ತಗೊಳ್ಳಲಿ? ಏರ್ ಫೋರ್ಕ್ ನಮ್ಮ ಬಿಸಿಲಿಗೆ ಒಡೆಯುತ್ತದೆ ಅನ್ನುತ್ತಾರಲ್ಲ, ನಿಜವೇ?

ಉತ್ತರ: ನಿಮ್ಮ ದೂರುಗಳು ನಾಲ್ಕು. ಅಂಗಡಿಯವರು ನಾಲ್ಕಕ್ಕೂ ಒಂದೇ ಕಾರಣ ಹೇಳಿದ್ದಾರೆ, ಅದೂ ತಪ್ಪು ಕಾರಣ. ಉಕ್ಕಿನ ಕಾಯಿಲ್ ಸ್ಪ್ರಿಂಗ್ ಮೂರು ವರ್ಷಕ್ಕೆ ಬಲ ಕಳೆದುಕೊಳ್ಳುವ ವಸ್ತುವಲ್ಲ. ಸ್ಪ್ರಿಂಗ್ ಸೋತಿದ್ದರೆ ಫೋರ್ಕ್ ಮೊದಲಿಗಿಂತ ಹೆಚ್ಚು ಕುಸಿಯಬೇಕಿತ್ತು, ನಿಮ್ಮದು ಇಳಿಯುವುದೇ ಇಲ್ಲ. ಇಳಿಯದ ಫೋರ್ಕ್ ಎಂದರೆ ಒಳಗೆ ಏನೋ ಹಿಡಿದುಕೊಂಡಿದೆ ಎಂದರ್ಥ.

ಈ ದರ್ಜೆಯ ಫೋರ್ಕ್‌ನಲ್ಲಿ ಮೇಲಿನ ಎರಡು ಕೊಳವೆಗಳು, ಅಂದರೆ ಸ್ಟ್ಯಾಂಚನ್‌ಗಳು, ಕೆಳಗಿನ ದಪ್ಪ ಕಾಲುಗಳೊಳಗೆ ಜಾರುತ್ತವೆ. ಪ್ರತಿ ಕಾಲಿನೊಳಗೆ ಮೇಲೊಂದು ಕೆಳಗೊಂದು ಬುಷ್, ಅಂದರೆ ಸ್ಟ್ಯಾಂಚನ್ ಜಾರುವ ಬಳೆ, ಇರುತ್ತದೆ. ಅಗ್ಗದ ಮಾದರಿಗಳಲ್ಲಿ ಅದು ಬರೀ ಪ್ಲಾಸ್ಟಿಕ್. ಕಾರ್ಖಾನೆಯಲ್ಲಿ ಹಚ್ಚುವ ಗ್ರೀಸ್ ಅಷ್ಟಕ್ಕಷ್ಟೇ. ಮೂರು ವರ್ಷದಲ್ಲಿ ಅದು ಒಣಗಿ, ಧೂಳಿನ ಜೊತೆ ಸೇರಿ, ಕಂದು ಬಣ್ಣದ ಅಂಟಾಗಿರುತ್ತದೆ. ಕೊಂಡಾಗಿನಿಂದ ಒಮ್ಮೆಯೂ ಬಿಚ್ಚದೆ ‘ಶಾಕಪ್ ಹೋಗಿದೆ’ ಎಂದು ರಿಪೇರಿಗೆ ಬರುವ ಫೋರ್ಕ್‌ಗಳಲ್ಲಿ ಹೆಚ್ಚಿನವು ಒಳಗೆ ಒಣಗಿದವೇ. ಸ್ಪ್ರಿಂಗ್ ಭಾಗದಲ್ಲಿ ನಿಜವಾಗಿ ಸಾಯುವಂಥದ್ದು ಒಂದೇ ಇದೆ. ಕೆಲವು ಮಾದರಿಗಳಲ್ಲಿ ಕಾಯಿಲ್ ಜೊತೆಗೆ ಎಲಾಸ್ಟೊಮರ್ ಎಂಬ ರಬ್ಬರಿನಂಥ ಕಡ್ಡಿ ಇರುತ್ತದೆ. ಅದು ವಯಸ್ಸಾದಂತೆ ಗಟ್ಟಿಯಾಗುತ್ತದೆ ಇಲ್ಲವೇ ಪುಡಿಪುಡಿಯಾಗುತ್ತದೆ. ಅದನ್ನೂ ಬಿಚ್ಚಿದ ಮೇಲೆಯೇ ನೋಡಬೇಕು.

ಬಿಚ್ಚುವ ಮುಂಚೆ ಐದು ನಿಮಿಷದ ಪರೀಕ್ಷೆ ಮಾಡಿ. ಮುಂದಿನ ಬ್ರೇಕ್ ಹಿಡಿದು ಸೈಕಲನ್ನು ಹಿಂದೆ ಮುಂದೆ ಅಲುಗಿಸಿ, ಇನ್ನೊಂದು ಕೈಯ ಬೆರಳನ್ನು ಹ್ಯಾಂಡಲ್ ತಿರುಗಲು ಬಿಡುವ ಬೇರಿಂಗ್ ಜೋಡಿಯ, ಅಂದರೆ ಹೆಡ್‌ಸೆಟ್‌ನ ಕೆಳಗಿನ ಬಟ್ಟಲಿಗೂ ಫೋರ್ಕ್‌ನ ತಲೆಗೂ ನಡುವಿನ ಸಂದಿಗೆ ಇಡಿ. ಅಲುಗಾಟ ಅಲ್ಲಿ ತಾಕಿದರೆ ಹೆಡ್‌ಸೆಟ್ ಸಡಿಲವಾಗಿದೆ ಅಷ್ಟೇ. ಹ್ಯಾಂಡಲನ್ನು ಹಿಡಿದಿರುವ ಸ್ಟೆಮ್‌ನ ಪಕ್ಕದ ಎರಡು ಬೋಲ್ಟ್ ಸಡಿಲಿಸಿ, ಮೇಲಿನ ಕ್ಯಾಪ್ ಬೋಲ್ಟನ್ನು ಅಲುಗಾಟ ಹೋಗುವಷ್ಟು ಮಾತ್ರ ತಿರುಗಿಸಿ, ಪಕ್ಕದ ಬೋಲ್ಟ್ ಮತ್ತೆ ಬಿಗಿ ಮಾಡಿದರೆ ಮುಗಿಯಿತು. ಖಚಿತಪಡಿಸಿಕೊಳ್ಳಲು ಹ್ಯಾಂಡಲನ್ನು ಪೂರ್ತಿ 90 ಡಿಗ್ರಿ ತಿರುಗಿಸಿ, ಚಕ್ರ ಅಡ್ಡಲಾಗಿದ್ದಾಗಲೂ ಅಲುಗಿಸಿ ನೋಡಿ. ಆಗಲೂ ಲಟಕ್ ಎಂದರೆ ದೋಷ ಹೆಡ್‌ಸೆಟ್‌ನದ್ದು. ನೇರ ಇದ್ದಾಗ ಮಾತ್ರ ಅಲುಗುತ್ತಿದ್ದು, ಬೆರಳನ್ನು ಸ್ಟ್ಯಾಂಚನ್ ಒಳಹೋಗುವ ಸೀಲ್ ಹತ್ತಿರ ಇಟ್ಟಾಗ ತಾಕುತ್ತಿದ್ದರೆ ಬುಷ್ ಸವೆದಿದೆ. ಅಲ್ಲಿ ಕೂದಲೆಳೆಯಷ್ಟು ಆಟ ಅಗ್ಗದ ಫೋರ್ಕ್‌ಗೆ ಹೊಸದರಲ್ಲೂ ಇರುತ್ತದೆ. ಕಣ್ಣಿಗೆ ಕಾಣುವಂತೆ ಒಂದು ಮಿ.ಮೀ. ದಾಟಿ ಆಡುತ್ತಿದ್ದರೆ ಮಾತ್ರ ಅದು ಮುಗಿದ ಕಥೆ. ಈ ದರ್ಜೆಯ ಫೋರ್ಕ್‌ಗೆ ಬುಷ್ ತರಿಸಿ ಹಾಕಿಸುವ ಖರ್ಚು ಫೋರ್ಕ್‌ನ ಬೆಲೆಗೆ ಒಪ್ಪುವುದಿಲ್ಲ.

ಚಕ್ರ ಎತ್ತಿದಾಗಿನ ‘ಟಕ್’ ಸದ್ದು ಫೋರ್ಕ್ ಪೂರ್ತಿ ಚಾಚಿಕೊಂಡು ತುದಿಗೆ ಬಡಿಯುವುದರಿಂದ ಬರುತ್ತದೆ. ಬಡಿತ ತಡೆಯುವ ಚಿಕ್ಕ ರಬ್ಬರ್ ಸವೆದಿರಬಹುದು, ಕಾಲಿನ ಅಡಿಯ ಬೋಲ್ಟ್ ಸಡಿಲಾಗಿರಬಹುದು. ರಿಬೌಂಡ್ ತಡೆ, ಅಂದರೆ ವಾಪಸ್ ಚಾಚುವ ವೇಗಕ್ಕೆ ತಡೆ, ಇಲ್ಲದ ಫೋರ್ಕ್ ಹೊಸದರಲ್ಲೇ ಸ್ವಲ್ಪ ಹೀಗೆ ಸದ್ದು ಮಾಡುತ್ತದೆ. ಅಡಿಯ ಬೋಲ್ಟ್ ಸಡಿಲಾಗಿದ್ದರೆ ಮಾತ್ರ ಅದು ಅಪಾಯದ ಸದ್ದು, ಏಕೆಂದರೆ ಕೆಳಗಿನ ಕಾಲನ್ನು ಮೇಲಿನದಕ್ಕೆ ಹಿಡಿದಿಡುವುದೇ ಆ ಬೋಲ್ಟ್. ಇವತ್ತೇ ಬಗ್ಗಿ ನೋಡಿ.

ಇನ್ನು ಬಿಚ್ಚುವ ಕೆಲಸ. ಮುಂದಿನ ಚಕ್ರ ತೆಗೆಯಿರಿ, ಬ್ರೇಕ್ ಕ್ಯಾಲಿಪರ್ ಬಿಚ್ಚಿ ದಾರದಿಂದ ಹ್ಯಾಂಡಲ್‌ಗೆ ಕಟ್ಟಿ. ಸ್ಪ್ರಿಂಗನ್ನು ಅದುಮಿ ಇಡುವ ಪ್ರಿಲೋಡ್ ತಿರುಪನ್ನು ಪೂರ್ತಿ ಸಡಿಲಿಸಿ. ಎರಡೂ ಕಾಲಿನ ಅಡಿಯಲ್ಲಿ ಮಾದರಿಗೆ ತಕ್ಕಂತೆ ಅಲೆನ್ ಬೋಲ್ಟ್ ಅಥವಾ ನಟ್ ಇರುತ್ತದೆ. ಅದನ್ನು ನಾಲ್ಕೈದು ಸುತ್ತು ಮಾತ್ರ ಸಡಿಲಿಸಿ, ಅದರ ತಲೆಯ ಮೇಲೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಒಳಗಿನ ಕಡ್ಡಿ ಬಿಡಿಸಿಕೊಂಡ ಮೇಲೆ ಬೋಲ್ಟ್ ಪೂರ್ತಿ ತೆಗೆದು ಕೆಳಗಿನ ಕಾಲುಗಳ ಜೋಡಿಯನ್ನು ನೇರವಾಗಿ ಎಳೆಯಿರಿ. ಕಬ್ಬಿಣದ ಸುತ್ತಿಗೆ ಮುಟ್ಟಬೇಡಿ. ಕೋಲಿಗೆ ಹತ್ತಿಬಟ್ಟೆ ಸುತ್ತಿ ಒಳಗಿನ ಹಳೆ ಗ್ರೀಸನ್ನೆಲ್ಲ ಒರೆಸಿ. ಬಟ್ಟೆ ಬಿಳಿಯಾಗಿಯೇ ಹೊರಬರುವ ತನಕ ಒರೆಸಬೇಕು, ಇಲ್ಲಿ ಅವಸರ ಮಾಡಿದರೆ ಉಳಿದದ್ದೆಲ್ಲ ದಂಡ. ಸಸ್ಪೆನ್ಷನ್‌ಗೆಂದೇ ಬರುವ ಗ್ರೀಸನ್ನು ನಾಲ್ಕೂ ಬುಷ್‌ಗೆ ಒಳಗಿನಿಂದ ತೆಳುವಾಗಿ, ಸೀಲ್‌ನ ತುಟಿಗೆ ಸ್ವಲ್ಪ ಹಚ್ಚಿ. ಕೆಳಗಿನ ಬುಷ್ ಕೈಗೆ ಎಟುಕುವುದಿಲ್ಲ, ಉದ್ದ ಕಡ್ಡಿಯ ತುದಿಯಲ್ಲಿ ಗ್ರೀಸ್ ಇಟ್ಟು ಮುಟ್ಟಿಸಬೇಕು. ಗ್ಯಾರೇಜಿನ ಲಾರಿ ಗ್ರೀಸ್ ಬೇಡ, ಅದು ದಪ್ಪ, ಸೀಲ್‌ನ ರಬ್ಬರಿಗೂ ಒಗ್ಗದಿರಬಹುದು. ಮತ್ತೆ ಕೂರಿಸುವಾಗ ಸೀಲ್‌ನ ತುಟಿ ಒಳಕ್ಕೆ ಮಡಚದಂತೆ ಎರಡೂ ಸ್ಟ್ಯಾಂಚನ್‌ಗಳನ್ನು ಒಟ್ಟಿಗೆ, ಸ್ವಲ್ಪ ಅಲುಗಿಸುತ್ತಾ ಇಳಿಸಿ. ಕ್ಯಾಲಿಪರ್ ಬೋಲ್ಟ್‌ಗಳಿಗೆ 6–8 ನ್ಯೂಟನ್ ಮೀಟರ್ ಬಿಗಿ ಸಾಕು.

ಇಷ್ಟಕ್ಕೆ ಗ್ರೀಸ್ ಡಬ್ಬಿಯ ಹಣ ಮತ್ತು ಒಂದು ಮಧ್ಯಾಹ್ನ. ಬುಷ್ ಸವೆದಿರದಿದ್ದರೆ ನಿಮ್ಮ ಫೋರ್ಕ್ ಕಳೆದುಕೊಂಡ ಇಳಿತದಲ್ಲಿ ಬಹುಪಾಲು ವಾಪಸ್ ಬರುತ್ತದೆ. ಸ್ಟ್ಯಾಂಚನ್ ಮೇಲೆ ಡಬ್ಲ್ಯುಡಿ-40 ಹೊಡೆದು ‘ಈಗ ನುಣುಪಾಯ್ತು’ ಎನ್ನುವವರ ಮಾತು ಕೇಳಬೇಡಿ. ಅದು ಎರಡು ದಿನ ಜಾರಿಸಿ, ಒಳಗೆ ಉಳಿದಿದ್ದ ಗ್ರೀಸನ್ನೂ ತೊಳೆದು ಹಾಕುತ್ತದೆ. ಬೈಕ್ ವಾಟರ್ ಸರ್ವಿಸ್‌ನ ಪ್ರೆಶರ್ ಪೈಪನ್ನು ಸೀಲ್‌ಗೆ ಹಿಡಿಸುವುದೂ ಅಷ್ಟೇ ಕೆಟ್ಟದ್ದು.

ಅಂಗೈ ಜೋಮಿನ ವಿಷಯದಲ್ಲಿ ಫೋರ್ಕ್‌ಗಿಂತ ಮೊದಲು ಟೈರ್ ನೋಡಿ. ನಮ್ಮ ಕಡೆ ಕಾಲುವೆ ಏರಿಯುದ್ದಕ್ಕೂ ಬಳ್ಳಾರಿ ಜಾಲಿ. ಮುಳ್ಳಿಗೆ ಹೆದರಿ ಟೈರಿಗೆ 50–60 ಪಿಎಸ್‌ಐ ತುಂಬಿಸುವ ರೂಢಿ ಇದೆ. ಗಾಳಿ ಬಿಗಿಯಾದರೆ ಜಾಲಿಮುಳ್ಳು ಚುಚ್ಚುವುದಿಲ್ಲ ಎಂಬುದು ಸುಳ್ಳು. ಮುಳ್ಳು ತಡೆಯುವುದು ಟೈರಿನೊಳಗಿನ ಪಟ್ಟಿ ಮತ್ತು ಟ್ಯೂಬಿಗೆ ಹಾಕುವ ಸೀಲಂಟ್. ನಿಮ್ಮ ತೂಕಕ್ಕೆ, 2.1 ಅಥವಾ 2.2 ಇಂಚಿನ ಟ್ಯೂಬ್ ಟೈರಿಗೆ ಮುಂದೆ 28–32, ಹಿಂದೆ 32–36 ಪಿಎಸ್‌ಐ ಇಟ್ಟು ಒಂದು ವಾರ ತುಳಿಯಿರಿ. ಅದಕ್ಕಿಂತ ಇಳಿಸಿದರೆ ಸಾಣಾಪುರದ ಬಂಡೆಗಳ ಅಂಚಿಗೆ ಬಡಿದು ರಿಮ್ ಟ್ಯೂಬನ್ನು ಕಚ್ಚುತ್ತದೆ. ಗರಸು ರಸ್ತೆಯ ಸಣ್ಣ ನಡುಕವನ್ನು ನುಂಗುವ ಕೆಲಸದಲ್ಲಿ ಈ ಬೆಲೆಯ ಯಾವ ಫೋರ್ಕೂ ಸರಿಯಾದ ಗಾಳಿಯ ಟೈರಿಗೆ ಸಮ ಅಲ್ಲ.

ಇಷ್ಟು ಮಾಡಿದ ಮೇಲೂ ಬುಷ್ ಹೋಗಿದೆ, ಹೊಸದೇ ಬೇಕು ಎಂದಾದರೆ, ಹಣ ಕೊಡುವುದು ಯಾವುದಕ್ಕೆ ಎಂದು ತಿಳಿದಿರಲಿ. ಮಿಲಿಮೀಟರಿಗಲ್ಲ, ಫೋರ್ಕ್ ಇಳಿಯದಂತೆ ಬಂಧಿಸುವ ಲಾಕ್‌ಔಟ್ ಗುಂಡಿಗೂ ಅಲ್ಲ. ಕೊಳ್ಳಬೇಕಾದದ್ದು ಎರಡು: ನಿಮ್ಮ ತೂಕಕ್ಕೆ ಹೊಂದುವ ಸ್ಪ್ರಿಂಗ್, ಮತ್ತು ಆ ಸ್ಪ್ರಿಂಗನ್ನು ಅಂಕೆಯಲ್ಲಿಡುವ ಡ್ಯಾಂಪರ್.

ರಸ್ತೆಯ ಗುಂಡಿ ಬಂದಾಗ ಸ್ಪ್ರಿಂಗ್ ಒತ್ತಿಕೊಂಡು, ತಕ್ಷಣ ಅಷ್ಟೇ ಜೋರಾಗಿ ಹಿಂದಕ್ಕೆ ಒದೆಯುತ್ತದೆ. ಒದೆಯುವ ವೇಗವನ್ನು ಎಣ್ಣೆಯ ಮೂಲಕ ತಗ್ಗಿಸುವುದು ರಿಬೌಂಡ್ ಡ್ಯಾಂಪರ್. ಆಫೀಸಿನ ಬಾಗಿಲ ಮೇಲೆ ಕೂರಿಸುವ ಡೋರ್ ಕ್ಲೋಸರ್ ಬಾಗಿಲನ್ನು ಹೇಗೆ ದಢಾರನೆ ಬಡಿಯಗೊಡುವುದಿಲ್ಲವೋ ಹಾಗೆ. ಡ್ಯಾಂಪರ್ ಇಲ್ಲದ ಫೋರ್ಕ್ ಒಂದು ಗುಂಡಿಯಲ್ಲಿ ಚೆನ್ನಾಗಿಯೇ ಕಾಣುತ್ತದೆ. ಟ್ರ್ಯಾಕ್ಟರ್ ಓಡಾಡಿ ಅಲೆಅಲೆಯಾದ ಏರಿ ರಸ್ತೆಯಲ್ಲಿ ಸಾಲು ಗುಂಡಿ ಬಂದಾಗ, ಮೊದಲ ಒದೆತ ಮುಗಿಯುವ ಮುಂಚೆ ಎರಡನೆಯದು ಬಂದು ಮುಂದಿನ ಚಕ್ರ ನೆಲ ಬಿಟ್ಟು ಕುಣಿಯತೊಡಗುತ್ತದೆ. ಚಕ್ರ ಗಾಳಿಯಲ್ಲಿದ್ದಾಗ ಬ್ರೇಕೂ ಇಲ್ಲ, ತಿರುವೂ ಇಲ್ಲ. ಸಂಡೂರಿನ ಇಳಿಜಾರಿನಲ್ಲಿ ಬೀಳಿಸುವುದು ಇದೇ.

ಪ್ರಿಲೋಡ್ ತಿರುಪು ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಅದು ಸ್ಪ್ರಿಂಗನ್ನು ಮೊದಲೇ ಸ್ವಲ್ಪ ಅದುಮಿ ಇಡುತ್ತದೆ ಅಷ್ಟೇ. ಇಳಿಯಲು ಶುರುವಾಗಲು ಹೆಚ್ಚು ಬಲ ಬೇಕಾಗುತ್ತದೆ, ಒಳಗಿನ ಗಡಸುತನ ಬದಲಾಗುವುದಿಲ್ಲ. ಅಗ್ಗದ ಕಾಯಿಲ್ ಫೋರ್ಕ್‌ಗಳು ಮಧ್ಯಮ ತೂಕದ ಸವಾರನಿಗೆಂದು ಒಂದೇ ಸ್ಪ್ರಿಂಗ್ ಹಾಕಿಕೊಂಡು ಬರುತ್ತವೆ. 55 ಕೆ.ಜಿ.ಯವರಿಗೆ ಅದು ಕಲ್ಲು, 95 ಕೆ.ಜಿ.ಯವರಿಗೆ ಹತ್ತಿ. ನೀವು 82 ಕೆ.ಜಿ., ಹೇಗೋ ನಡೆಯುತ್ತದೆ. ಏರ್ ಫೋರ್ಕ್‌ನಲ್ಲಿ ಈ ತಲೆನೋವೇ ಇಲ್ಲ, ಪಂಪಿನಿಂದ ನಿಮ್ಮ ತೂಕಕ್ಕೆ ಒತ್ತಡ ಹಾಕಿಕೊಂಡರಾಯಿತು.

ಲಾಕ್‌ಔಟ್ ಟಾರ್ ರಸ್ತೆಯ ಏರಿನಲ್ಲಿ ಅನುಕೂಲ, ಅದರಾಚೆ ಏನಿಲ್ಲ. ಮೆಕ್ಯಾನಿಕಲ್ ಲಾಕ್ ಹಾಕಿಕೊಂಡೇ ಕಲ್ಲಿನ ಮೇಲೆ ಹತ್ತಿಸಿದರೆ ಒಳಗಿನ ಪ್ಲಾಸ್ಟಿಕ್ ತುಂಡು ಮುರಿಯಬಹುದು.

120 ಮಿ.ಮೀ. ಸಲಹೆಯನ್ನು ಬಿಟ್ಟುಬಿಡಿ. ನಿಮ್ಮ ಫ್ರೇಮ್ 100ಕ್ಕೆಂದು ಬೆಸುಗೆಯಾಗಿದೆ. ಫೋರ್ಕ್ 20 ಮಿ.ಮೀ. ಉದ್ದವಾದರೆ ಹೆಡ್ ಕೋನ ಸುಮಾರು ಒಂದು ಡಿಗ್ರಿ ಹಿಂದಕ್ಕೆ ಮಲಗುತ್ತದೆ, ಪೆಡಲ್ ಇರುವ ಭಾಗ ಮೇಲೇರುತ್ತದೆ, ಏರು ಹತ್ತುವಾಗ ಮುಂದಿನ ಚಕ್ರ ಅತ್ತಿತ್ತ ತೂರಾಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಉದ್ದವಾದ ಸನ್ನೆ ಹೆಡ್ ಟ್ಯೂಬ್ ಮತ್ತು ಡೌನ್ ಟ್ಯೂಬ್ ಸೇರುವ ಬೆಸುಗೆಯ ಮೇಲೆ ಹೆಚ್ಚು ಒತ್ತಡ ಹಾಕುತ್ತದೆ. ಫ್ರೇಮಿನ ವಾರಂಟಿಯೂ ಹೋಗಬಹುದು.

ಆರ್ಡರ್ ಮಾಡುವ ಮುಂಚೆ ಅಳತೆ ತೆಗೆಯಿರಿ. ಹಣ ಹಾಳಾಗುವುದು ಹೆಚ್ಚಾಗಿ ಇಲ್ಲೇ. ಮೊದಲನೆಯದು ಸ್ಟೀರರ್, ಅಂದರೆ ಫ್ರೇಮಿನೊಳಗೆ ಹೋಗುವ ಕೊಳವೆ. ಅದು ಮೇಲಿನಿಂದ ಕೆಳಗಿನವರೆಗೂ 28.6 ಮಿ.ಮೀ. ನೇರ ಇರಬಹುದು, ಕೆಳಗೆ ಸುಮಾರು 40 ಮಿ.ಮೀ.ಗೆ ದಪ್ಪವಾಗುವ ಟೇಪರ್ಡ್ ಇರಬಹುದು. ಹೆಡ್‌ಸೆಟ್ ಬಟ್ಟಲು ತೆಗೆದು ಫ್ರೇಮಿನ ಕೊಳವೆಯ ಒಳವ್ಯಾಸ ಅಳೆಯಬೇಕು. ಗಂಗಾವತಿಯ ಯಾವ ಲೇತ್ ಅಂಗಡಿಯಲ್ಲಿ ಕೇಳಿದರೂ ವರ್ನಿಯರ್ ಸಿಗುತ್ತದೆ. ಒಳವ್ಯಾಸ 34 ಮಿ.ಮೀ. ಇದ್ದರೆ ನಿಮಗೆ ನೇರ ಸ್ಟೀರರ್ ಮಾತ್ರ, ಟೇಪರ್ಡ್ ಯಾವ ಉಪಾಯಕ್ಕೂ ಕೂರುವುದಿಲ್ಲ. 44 ಮಿ.ಮೀ. ಇದ್ದರೆ ನೇರವೂ ಕೂರುತ್ತದೆ, ಹೊರಗೆ ಕೂರುವ ಕೆಳಬಟ್ಟಲು ಹಾಕಿಸಿದರೆ ಟೇಪರ್ಡ್ ಕೂಡ. ಮೇಲೆ ದೊಡ್ಡ ಸ್ಪ್ಯಾನರ್ ಹಾಕುವ ನಟ್ ಇರುವ ಥ್ರೆಡೆಡ್ ಹೆಡ್‌ಸೆಟ್ ಇದ್ದರೆ ಇನ್ನೊಂದು ಖರ್ಚು ಕಾದಿದೆ: ಹೆಡ್‌ಸೆಟ್ ಮತ್ತು ಸ್ಟೆಮ್ ಎರಡೂ ಬದಲಾಗಬೇಕು.

ಎರಡನೆಯದು ಆಕ್ಸಲ್. ನಿಮ್ಮ ಬೆಲೆಯ ಸೈಕಲ್ಲಿನಲ್ಲಿ ಮುಂದಿನ ಹಬ್ ಬಹುತೇಕ 100 ಮಿ.ಮೀ. ಅಗಲ, 9 ಮಿ.ಮೀ. ಕ್ವಿಕ್ ರಿಲೀಸ್ ಇಲ್ಲವೇ ನಟ್. ಅದೇ ಹೆಸರಿನ ಫೋರ್ಕ್ 9 ಮಿ.ಮೀ., 15×100, ಹಬ್ ಇನ್ನೂ ಅಗಲವಿರುವ 15×110 ಬೂಸ್ಟ್ ಎಂದು ಬೇರೆಬೇರೆ ರೂಪದಲ್ಲಿ ಬರುತ್ತದೆ. ಆಫರ್‌ನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಬೂಸ್ಟ್ ತರಿಸಿದರೆ ಹೊಸ ಚಕ್ರವನ್ನೇ ಕಟ್ಟಿಸಬೇಕಾಗುತ್ತದೆ. ಮೂರನೆಯದು ಬ್ರೇಕ್ ಕೂರುವ ಜಾಗ. ಎರಡು ರಂಧ್ರ 74 ಮಿ.ಮೀ. ಅಂತರದಲ್ಲಿ ಹಿಂದಕ್ಕೆ ಮುಖ ಮಾಡಿದ್ದರೆ ಪೋಸ್ಟ್ ಮೌಂಟ್, 51 ಮಿ.ಮೀ. ಅಂತರದಲ್ಲಿ ಪಕ್ಕಕ್ಕೆ ಮುಖ ಮಾಡಿದ್ದರೆ ಐಎಸ್. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಅಡಾಪ್ಟರ್ ಬದಲಾಯಿಸುವ ಅಥವಾ ತೆಗೆಯುವ ಕೆಲಸ ಬರುತ್ತದೆ, ದೊಡ್ಡ ಖರ್ಚಲ್ಲ. ನಾಲ್ಕನೆಯದು ಆಕ್ಸಲ್ ಮಧ್ಯದಿಂದ ಫೋರ್ಕ್‌ನ ತಲೆಯವರೆಗಿನ ಉದ್ದ. ಹಳೆಯದನ್ನು ಟೇಪಿನಲ್ಲಿ ಅಳೆಯಿರಿ, ಹೊಸದು ಅದಕ್ಕಿಂತ 10 ಮಿ.ಮೀ.ಗಿಂತ ಹೆಚ್ಚು ದಾಟದಿರಲಿ.

ಸ್ಟೀರರ್ ಉದ್ದವನ್ನು ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಮರೆಯುತ್ತಾರೆ. ಹೆಡ್ ಟ್ಯೂಬ್ 125, ಹೆಡ್‌ಸೆಟ್ 25, ಸ್ಪೇಸರ್ 15, ಸ್ಟೆಮ್ 40 ಎಂದಿಟ್ಟುಕೊಳ್ಳಿ: ಒಟ್ಟು 205 ಮಿ.ಮೀ., ಸ್ಟೀರರ್ ಅದಕ್ಕಿಂತ 3 ಮಿ.ಮೀ. ಕಡಿಮೆ ಇರಬೇಕು. 180ಕ್ಕೆ ಕತ್ತರಿಸಿದ ಫೋರ್ಕ್ ಎಷ್ಟೇ ಹೊಳೆಯುತ್ತಿದ್ದರೂ ನಿಮಗೆ ಉಪಯೋಗವಿಲ್ಲ. ಅದಕ್ಕೆ ಕೊಳವೆ ಬೆಸೆದು ಉದ್ದ ಮಾಡಿಸುವ ಆಲೋಚನೆ ಬೇಡವೇ ಬೇಡ. ಹಾಗೆಯೇ ಕೆಳಗಿನ ಕಾಲು ಬಿರುಕು ಬಿಟ್ಟಿದ್ದರೆ ವೆಲ್ಡಿಂಗ್ ಅಂಗಡಿಗೆ ಕೊಂಡೊಯ್ಯಬೇಡಿ. ಒಳ್ಳೆಯ ಫೋರ್ಕ್‌ಗಳ ಕೆಳಗಿನ ಕಾಲು ಮೆಗ್ನೀಸಿಯಂ, ಅದು ಬೆಂಕಿ ಹಿಡಿಯುವ ಲೋಹ.

ಎರೆ ನೆಲದವರಿಗೆ ಇನ್ನೊಂದು ಅಳತೆ ಮುಖ್ಯ. ಮಳೆ ಬಿದ್ದ ಮೇಲೆ ಸಿಂಧನೂರು, ಮಾನ್ವಿ, ರಾಯಚೂರು ಕಡೆಯ ಎರೆ ಮಣ್ಣು ಟೈರಿಗೂ ಫೋರ್ಕ್‌ನ ಕಮಾನಿಗೂ ನಡುವೆ ತುಂಬಿಕೊಂಡು ಚಕ್ರವನ್ನೇ ನಿಲ್ಲಿಸುತ್ತದೆ. ಆ ಸಂದಿ ಎಷ್ಟಿದ್ದರೂ ಕಡಿಮೆಯೇ. ನಿಮ್ಮದು ಹೆಚ್ಚಾಗಿ ಮಸಾರಿ, ಗರಸು. ಹಾಗಾಗಿ ಈ ಚಿಂತೆ ನಿಮಗಷ್ಟಿಲ್ಲ.

ಈಗ ನಿಮ್ಮ ಮುಂದಿರುವ ಆಯ್ಕೆಗಳು. ₹7,500ರ ಕಾಯಿಲ್ ಯಾವ ಮಾದರಿ ಎಂದು ನೀವು ಬರೆದಿಲ್ಲ, ಎಲ್ಲವೂ ಅದರ ಮೇಲೆ ನಿಂತಿದೆ. ಸನ್‌ಟೂರ್ ಕಂಪನಿಯ ಫೋರ್ಕ್‌ಗಳ ಏಣಿಯಲ್ಲಿ ಎಕ್ಸ್‌ಸಿಟಿ ಕೆಳಗಿನ ಮೆಟ್ಟಿಲುಗಳಲ್ಲೊಂದು, ಅದರ ಮೇಲೆ ಎಕ್ಸ್‌ಸಿಎಂ, ಅದರ ಮೇಲೆ ಎಕ್ಸ್‌ಸಿಆರ್. ಎಕ್ಸ್‌ಸಿಟಿ ಎಂದರೆ ಈಗ ನಿಮ್ಮ ಬಳಿ ಇರುವ ದರ್ಜೆಯೇ. ಹಣ ಕೊಟ್ಟು ಅದೇ ಜಾಗದಲ್ಲಿ ನಿಲ್ಲುತ್ತೀರಿ. ಹೆಸರಿನ ಬಾಲದಲ್ಲಿರುವ ಅಕ್ಷರಗಳನ್ನು ಓದಿ. ‘ಎಚ್‌ಎಲ್‌ಒ’ ಎಂದರೆ ಹೈಡ್ರಾಲಿಕ್ ಲಾಕ್‌ಔಟ್, ‘ಆರ್‌ಎಲ್’ ಎಂದರೆ ಹ್ಯಾಂಡಲ್ ಮೇಲಿನ ರಿಮೋಟ್ ಲಾಕ್‌ಔಟ್. ರಿಬೌಂಡ್ ಹೊಂದಿಸಲು ಬರುವುದು ‘ಎಲ್‌ಒ-ಆರ್’, ‘ಆರ್‌ಎಲ್-ಆರ್’ ಎಂದು ಕೊನೆಗೆ ಬೇರೆಯಾಗಿ ‘ಆರ್’ ಇದ್ದಾಗ. ಬಲಗಾಲಿನ ಅಡಿಯಲ್ಲಿ ರಿಬೌಂಡ್ ತಿರುಪು ಇದೆಯೇ ಎಂದು ಅಂಗಡಿಯವರಿಂದ ಫೋಟೊ ತರಿಸಿಕೊಳ್ಳಿ. ರಿಬೌಂಡ್ ಇರುವ ಕಾಯಿಲ್ ನಿಮ್ಮ ಬಜೆಟ್‌ನೊಳಗೆ ಸಿಕ್ಕರೆ ಅದು ಮರ್ಯಾದೆಯ ಖರೀದಿ. ಭಾರ ಇರುತ್ತದೆ, ಎರಡೂವರೆ ಕೆ.ಜಿ. ಆಸುಪಾಸು, ಆದರೆ ಗಾಳಿ ಸೋರುವ ಭಯವಿಲ್ಲ, ಪಂಪ್ ಬೇಕಿಲ್ಲ.

₹16,000ರ ಏರ್ ಫೋರ್ಕ್ ಎಕ್ಸ್‌ಸಿಆರ್ ಏರ್ ಅಥವಾ ರಾಕ್‌ಶಾಕ್ಸ್ ಕಂಪನಿಯ ಜೂಡಿ ವರ್ಗದ್ದಾಗಿದ್ದು, 9 ಮಿ.ಮೀ. ಆಕ್ಸಲ್ ಮತ್ತು ನಿಮಗೆ ಬೇಕಾದ ಸ್ಟೀರರ್‌ನಲ್ಲಿ ಇದ್ದರೆ, ಇನ್ನೂ ಎರಡು ಮೂರು ತಿಂಗಳು ಹಳೆಯದಕ್ಕೆ ಗ್ರೀಸ್ ಹಚ್ಚಿಕೊಂಡು ಓಡಿಸಿ ಹಣ ಕೂಡಿಸಿಕೊಳ್ಳಿ ಎನ್ನುತ್ತೇನೆ. ಬಿಲ್ಲಿನ ಹೊರಗೆ ಶಾಕ್ ಪಂಪಿನ ಖರ್ಚಿದೆ. ಸಾಮಾನ್ಯ ಫ್ಲೋರ್ ಪಂಪಿನಿಂದ ಆಗುವುದಿಲ್ಲ, ಪಂಕ್ಚರ್ ಅಂಗಡಿಯ ಕಂಪ್ರೆಸರ್ ಅಂತೂ ಮುಟ್ಟಿಸಲೇಬಾರದು: ಫೋರ್ಕ್‌ನೊಳಗಿನ ಗಾಳಿಕೋಣೆ ಅಷ್ಟು ಚಿಕ್ಕದು, ಒಂದು ಕ್ಷಣದಲ್ಲಿ ಒತ್ತಡ ಮಿತಿ ದಾಟುತ್ತದೆ. ಗೆಳೆಯರೆಲ್ಲ ಸೇರಿ ಒಂದು ಪಂಪ್ ಇಟ್ಟುಕೊಂಡರೂ ಸಾಕು.

ಆದರೂ ಒಂದು ಲೆಕ್ಕ ಹಾಕಿ. ₹21,000ದ ಸೈಕಲ್ಲಿಗೆ ₹16,000 ಸುರಿಯುವಾಗ ‘ಮುಂದಿನ ಸೈಕಲ್ಲಿಗೂ ಇದನ್ನೇ ಹಾಕಿಕೊಳ್ಳುತ್ತೇನೆ’ ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಮುಂದಿನ ಸೈಕಲ್ ಹೆಚ್ಚುಕಡಿಮೆ ಟೇಪರ್ಡ್, ಬೂಸ್ಟ್, ಬಹುಶಃ 29 ಇಂಚು ಆಗಿರುತ್ತದೆ. ನೇರ ಸ್ಟೀರರ್‌ನ 9 ಮಿ.ಮೀ. ಫೋರ್ಕ್ ಅದಕ್ಕೆ ಹೊಂದುವುದಿಲ್ಲ. ಎರಡು ವರ್ಷದೊಳಗೆ ಸೈಕಲ್ಲನ್ನೇ ಬದಲಿಸುವ ಮನಸ್ಸಿದ್ದರೆ ಆ ಹಣ ಅದಕ್ಕೇ ಇರಲಿ, ಈಗ ಕಾಯಿಲ್‌ನಲ್ಲಿ ಕಾಲ ತಳ್ಳಿ.

₹8,000ದ ಹೆಸರಿಲ್ಲದ ಏರ್ ಫೋರ್ಕ್‌ಗಳನ್ನು ಪೂರ್ತಿ ಕಸ ಎನ್ನಲಾರೆ. ಕೆಲವು ಹಗುರ, ಒಂದು ವರ್ಷ ಚೆನ್ನಾಗಿಯೇ ಓಡುತ್ತವೆ. ತೊಂದರೆ ನಂತರದ್ದು. ಸೀಲ್ ಕಿಟ್ ಸಿಗುವುದಿಲ್ಲ, ಬಿಚ್ಚುವ ಕ್ರಮದ ಕಾಗದವಿಲ್ಲ, ಎಷ್ಟು ಒತ್ತಡ ಗರಿಷ್ಠ ಎಂಬುದು ಕೂಡ ಒಮ್ಮೊಮ್ಮೆ ಬರೆದಿರುವುದಿಲ್ಲ. ಗಾಳಿ ಸೋರತೊಡಗಿದ ದಿನ ಅದು ಎರಡು ಕೊಳವೆ ಮಾತ್ರ. ಇದಕ್ಕಿಂತ ಕೆಟ್ಟದ್ದು, ಬ್ರೇಕಿನ ಬಲವೆಲ್ಲ ಬೀಳುವ ಭಾಗದ ಎರಕದ ಗುಣಮಟ್ಟ ಹೊರಗಿನಿಂದ ನೋಡಿ ತಿಳಿಯುವುದಿಲ್ಲ. ಕಾಲುವೆ ಏರಿಗೆ ಆ ಅಪಾಯ ಸಣ್ಣದು. ಸಂಡೂರಿನ ಇಳಿಜಾರಿಗೆ ಅದನ್ನು ನಂಬಿ ಹೋಗಿ ಎಂದು ನಾನು ಹೇಳುವುದಿಲ್ಲ.

ಹಳೆಯ ಒಳ್ಳೆಯ ಫೋರ್ಕ್ ಸಿಕ್ಕರೆ ನಾಲ್ಕು ಕಡೆ ನೋಡಿ. ಸ್ಟ್ಯಾಂಚನ್ ಮೇಲೆ ಉಗುರು ಆಡಿಸಿ. ಉಗುರು ಸಿಕ್ಕಿಕೊಳ್ಳುವ ಗೀರು ಸೀಲ್ ಓಡಾಡುವ ಜಾಗದಲ್ಲಿದ್ದರೆ ಬಿಟ್ಟುಬಿಡಿ. ಬಲವಾಗಿ ಅದುಮಿ ಬಿಟ್ಟು ರಿಬೌಂಡ್ ತಿರುಪಿನ ಎರಡೂ ತುದಿಯಲ್ಲಿ ವೇಗ ಬದಲಾಗುತ್ತದೆಯೇ ನೋಡಿ; ಬದಲಾಗದಿದ್ದರೆ ಡ್ಯಾಂಪರ್ ಸತ್ತಿದೆ. ಸ್ಟೀರರ್ ಅಳೆಯಿರಿ. ರಾಕ್‌ಶಾಕ್ಸ್ ಆದರೆ ಸೀರಿಯಲ್ ನಂಬರನ್ನು ಸ್ರ್ಯಾಮ್ ಕಂಪನಿಯ ಟ್ರೇಲ್‌ಹೆಡ್ ತಾಣದಲ್ಲಿ ಹಾಕಿದರೆ ಅದು ನಿಜಕ್ಕೂ ಯಾವ ಮಾದರಿ ಎಂದು ತಿಳಿಯುತ್ತದೆ.

ನೀವು ಕೇಳದ ಆಯ್ಕೆಯೂ ಒಂದಿದೆ: ಸ್ಪ್ರಿಂಗೇ ಇಲ್ಲದ ರಿಜಿಡ್ ಫೋರ್ಕ್. ಅಗ್ಗದ ಕಾಯಿಲ್‌ಗಿಂತ ಒಂದು ಕೆ.ಜಿ.ಗೂ ಹೆಚ್ಚು ಹಗುರ, ಸವೆಯುವ ಭಾಗವಿಲ್ಲ. ಸಸ್ಪೆನ್ಷನ್ ಫೋರ್ಕ್‌ನಷ್ಟೇ ಎತ್ತರ ಇರುವಂತೆ ಮಾಡಿದ್ದನ್ನೇ ಕೊಳ್ಳಬೇಕು, ಇಲ್ಲದಿದ್ದರೆ ಮುಂಭಾಗ ಕುಸಿಯುತ್ತದೆ. ಕಾಲುವೆ ಏರಿ ಮತ್ತು ಆನೆಗೊಂದಿಯ ಟಾರ್ ರಸ್ತೆ ಮಾತ್ರವಾಗಿದ್ದರೆ ನಿಮಗೆ ಇದನ್ನೇ ಹೇಳುತ್ತಿದ್ದೆ. ಬಂಡೆ ಮತ್ತು ಸಂಡೂರು ಇರುವುದರಿಂದ ಹೇಳುತ್ತಿಲ್ಲ.

ಬಿಸಿಲಿನ ಭಯಕ್ಕೆ ಲೆಕ್ಕವೇ ಉತ್ತರ. ಬೆಳಿಗ್ಗೆ 25 ಡಿಗ್ರಿಯಲ್ಲಿ 100 ಪಿಎಸ್‌ಐ ತುಂಬಿಸಿದ ಫೋರ್ಕ್ ಮಧ್ಯಾಹ್ನ 42 ಡಿಗ್ರಿಯಲ್ಲಿ ಸುಮಾರು 106 ತೋರಿಸುತ್ತದೆ. ಕೈಗೆ ಸ್ವಲ್ಪ ಗಟ್ಟಿ ಅನ್ನಿಸಬಹುದು, ಒಡೆಯುವ ಮಾತೇ ಇಲ್ಲ. ಗರಿಷ್ಠ ಒತ್ತಡ ಕಂಪನಿಯ ಪಟ್ಟಿಯಲ್ಲಿ ಇರುತ್ತದೆ, ಅದರೊಳಗಿದ್ದರೆ ಸಾಕು. ಬಳ್ಳಾರಿ, ರಾಯಚೂರಿನ ಏಪ್ರಿಲ್–ಮೇ ಸವಾರಿಗೆ ಬೆಳಿಗ್ಗೆಯೇ ಐದಾರು ಪಿಎಸ್‌ಐ ಕಡಿಮೆ ಇಟ್ಟುಕೊಂಡರೆ ಮಧ್ಯಾಹ್ನಕ್ಕೆ ಸರಿಹೋಗುತ್ತದೆ. ಏರ್ ಫೋರ್ಕ್‌ಗೆ ನಮ್ಮ ಕಡೆಯ ನಿಜವಾದ ಶತ್ರು ಧೂಳು. ಗಡಸುತನದಲ್ಲಿ ಸಾಣಾಪುರದ ಕಗ್ಗಲ್ಲಿನ ಮರಳೇ ಸಂಡೂರಿನ ಅದಿರಿಗಿಂತ ಮುಂದು, ಆದರೆ ಅದಿರಿನ ಕೆಂಧೂಳು ಬಹಳ ನುಣ್ಣಗೆ, ಸೀಲ್‌ನ ತುಟಿ ದಾಟಿ ಒಳಗೆ ಹೋಗುತ್ತದೆ. ಲೆನ್ಸ್ ಉಜ್ಜಿ ನಯ ಮಾಡಲು ಬಳಸುತ್ತಿದ್ದದ್ದೂ ಇದೇ ಕಬ್ಬಿಣದ ಆಕ್ಸೈಡ್, ಎಣ್ಣೆಯ ಜೊತೆ ಸೇರಿ ಸ್ಟ್ಯಾಂಚನ್‌ನ ಲೇಪನವನ್ನೂ ಹಾಗೆಯೇ ಉಜ್ಜುತ್ತದೆ. ಕೆಳಗಿನ ಕಾಲುಗಳನ್ನು 50 ಗಂಟೆ ಸವಾರಿಗೊಮ್ಮೆ ಬಿಚ್ಚಿ ತೊಳೆಯಲು ಕಂಪನಿಗಳು ಹೇಳುತ್ತವೆ. ಸಂಡೂರಿಗೆ ಹೋಗಿ ಬರುವ ಫೋರ್ಕ್‌ಗೆ ನಾನು 30 ಎನ್ನುತ್ತೇನೆ. ಮನೆಗೆ ಬಂದ ತಕ್ಷಣ ಸೀಲ್ ಸುತ್ತ ಕೂತ ಕೆಂಪು ಉಂಗುರವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒರೆಸುವ ಮುಂಚೆ ಫೋರ್ಕನ್ನು ಅದುಮಬೇಡಿ.

ಏರ್ ಫೋರ್ಕ್ ಕೂರಿಸಿದರೆ ಮೊದಲ ಸವಾರಿಗೆ ಮುಂಚೆ ಗಾಳಿಯನ್ನೆಲ್ಲ ಬಿಟ್ಟು ಪೂರ್ತಿ ಅದುಮಿ, ಟೈರಿನ ನೆತ್ತಿಗೂ ಫೋರ್ಕ್‌ನ ತಲೆಗೂ ನಡುವೆ ಕಂಪನಿ ಹೇಳಿದಷ್ಟು ಸಂದಿ ಉಳಿಯುತ್ತದೆಯೇ ನೋಡಿ. ಉಳಿಯದಿದ್ದರೆ ಆ ಟೈರ್ ಆ ಫೋರ್ಕ್‌ಗೆ ಬೇಡ. ಆಮೇಲೆ ನಿಮ್ಮ ತೂಕಕ್ಕೆ ಪಟ್ಟಿಯಲ್ಲಿರುವ ಒತ್ತಡ ತುಂಬಿಸಿ, ಸ್ಟ್ಯಾಂಚನ್‌ಗೆ ಜಿಪ್ ಟೈ ಕಟ್ಟಿ ಸೀಲ್‌ಗೆ ತಾಗುವಂತೆ ಇಳಿಸಿ. ಒಬ್ಬರಿಗೆ ಸೀಟು ಹಿಡಿಯಲು ಹೇಳಿ, ಸವಾರಿಯ ಭಂಗಿಯಲ್ಲಿ ಪೆಡಲ್ ಮೇಲೆ ನಿಂತು, ಮೆಲ್ಲಗೆ ಇಳಿದು ಟೈ ಎಷ್ಟು ಸರಿದಿದೆ ಅಳೆಯಿರಿ. 100 ಮಿ.ಮೀ. ಫೋರ್ಕ್‌ಗೆ 15ರಿಂದ 20 ಮಿ.ಮೀ. ಸರಿ. ಪಂಪಿನ ಪೈಪ್ ತೆಗೆಯುವಾಗ ಬರುವ ‘ಚುಸ್’ ಸದ್ದು ಪೈಪಿನ ಗಾಳಿಯದು, ಫೋರ್ಕ್‌ನದಲ್ಲ. ಹೆದರಿ ಮತ್ತೆ ತುಂಬಿಸಬೇಡಿ. ರಿಬೌಂಡನ್ನು ನಡುವಿಗೆ ಇಟ್ಟು, ಕೂತುಕೊಂಡೇ ಫುಟ್‌ಪಾತ್ ಅಂಚಿನಿಂದ ಇಳಿಯಿರಿ: ಒಮ್ಮೆ ಎದ್ದು ನಿಂತರೆ ಸರಿ, ಎರಡನೇ ಸಲ ಪುಟಿದರೆ ಒಂದು ಗುರುತು ನಿಧಾನದ ಕಡೆ ತಿರುಗಿಸಿ. ಸ್ಟೆಮ್ ಬೋಲ್ಟ್‌ಗಳಿಗೆ 5–6 ನ್ಯೂಟನ್ ಮೀಟರ್. ಮೊದಲ ಸವಾರಿ ಮುಗಿದ ಮೇಲೆ ಹೆಡ್‌ಸೆಟ್ ಬಟ್ಟಲುಗಳು ಒತ್ತಿಕೊಂಡು ಕೂರುತ್ತವೆ, ಆಗ ಅಲುಗಾಟದ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ.